ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲ್: ಹತ್ತು ರೂಪಾಯಿಗೆ ಸಿಗುವುದೇನು, ಕೈಕೊಡುವುದೆಲ್ಲಿ

ರೈಲ್ವೆ, ಅಂಚೆ, ಭವಿಷ್ಯನಿಧಿ, ಪಾಸ್‌ಪೋರ್ಟ್, ರಾಷ್ಟ್ರೀಯ ಹೆದ್ದಾರಿ ಇಂಥ ಕಚೇರಿಗಳ ಕಡತ ಮಾಹಿತಿ ಹಕ್ಕು ಕಾಯ್ದೆಯಡಿ (ಆರ್‌ಟಿಐ) ಬೇಕಿದ್ದರೆ ಆರ್‌ಟಿಐಆನ್‌ಲೈನ್ ಡಾಟ್ ಗವ್ ಡಾಟ್ ಇನ್ ತಾಣದಷ್ಟು ಸಲೀಸಾದ ದಾರಿ ಬೇರೊಂದಿಲ್ಲ. ಪೋಸ್ಟಲ್ ಆರ್ಡರ್ ಬೇಡ, ಸ್ಪೀಡ್ ಪೋಸ್ಟ್ ಬೇಡ. ಶುಲ್ಕ 10 ರೂಪಾಯಿ, ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಬಹುದು. ಬಿಪಿಎಲ್ ಅರ್ಜಿದಾರರಿಗೆ ಶುಲ್ಕವಿಲ್ಲ, ಪ್ರಮಾಣಪತ್ರ ಲಗತ್ತಿಸಬೇಕು.

ಮೊದಲು ಎಡವುವುದು ವಿಳಾಸದಲ್ಲಿ. ತಾಲ್ಲೂಕು ಕಚೇರಿ, ಬಿಡಿಎ, ಗ್ರಾಮ ಪಂಚಾಯಿತಿ ಇವೆಲ್ಲ ರಾಜ್ಯಕ್ಕೆ ಸೇರಿದವು. ಅವುಗಳ ಪ್ರಶ್ನೆಯನ್ನು ಇಲ್ಲಿ ಹಾಕಿದರೆ ಅರ್ಜಿ ವಾಪಸ್ ಬರುತ್ತದೆ, ಹಣ ಬರುವುದಿಲ್ಲ. ಅದಕ್ಕೆ ಕರ್ನಾಟಕದ್ದೇ ಪ್ರತ್ಯೇಕ ಪೋರ್ಟಲ್ ಇದೆ. ಅಲ್ಲಿ ರಾಜ್ಯದ ನಿಯಮ ಬಿಗಿ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಕೇಂದ್ರದ 2012ರ ನಿಯಮದಲ್ಲಿ ಮಿತಿ 500 ಪದ. ಕೇಂದ್ರದ ಕಚೇರಿಗಳ ನಡುವೆಯೇ ಆಯ್ಕೆ ತಪ್ಪಿದ್ದರೆ ಗಾಬರಿ ಬೇಡ. ಸೆಕ್ಷನ್ 6(3)ರ ಪ್ರಕಾರ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ಹೊಸ ನೋಂದಣಿ ಸಂಖ್ಯೆಯ ಇಮೇಲ್ ಬಂದರೆ ಅದನ್ನೂ ಜೋಪಾನ ಮಾಡಿ, ಉತ್ತರ ಬರುವುದು ಆ ಸಂಖ್ಯೆಯ ಮೇಲೆ.

ಕನ್ನಡಿಗರಿಗೆ ದೊಡ್ಡ ತೊಡಕು ಅರ್ಜಿಯ ಪೆಟ್ಟಿಗೆ. 3000 ಅಕ್ಷರಗಳಿಗೆ ಜಾಗವಿದೆ. ಆದರೆ ಇಂಗ್ಲಿಷ್ ಫಾರಂ ಒಪ್ಪುವುದು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳನ್ನು ಮಾತ್ರ. ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಹಾಕಬಹುದೆಂದು ಕಾಯ್ದೆಯ ಸೆಕ್ಷನ್ 6(1) ಸ್ಪಷ್ಟವಾಗಿ ಹೇಳಿರುವಾಗ ಈ ಪೆಟ್ಟಿಗೆ ಕನ್ನಡವನ್ನು ಹೊರಗಿಡುವುದು ಅನ್ಯಾಯ, ಸರಿಪಡಿಸಲೇಬೇಕು. ಸದ್ಯಕ್ಕಿರುವ ಉಪಾಯ: ಕನ್ನಡದ ಅರ್ಜಿಯನ್ನು ಪಿಡಿಎಫ್ ಮಾಡಿ ಲಗತ್ತಿಸಿ, ಪೆಟ್ಟಿಗೆಯಲ್ಲಿ "ಲಗತ್ತು ನೋಡಿ" ಎಂಬುದನ್ನು ಒಂದು ಸಾಲಿನ ಇಂಗ್ಲಿಷ್‌ನಲ್ಲಿ ಬರೆಯಿರಿ. ಫೈಲ್ 1 ಎಂಬಿ ಮೀರಬಾರದು, ಹೆಸರಿನಲ್ಲಿ ಖಾಲಿ ಜಾಗ ಇರಬಾರದು. ಅಪ್‌ಲೋಡ್ ಆಗದಿರುವುದಕ್ಕೆ ಬಹುತೇಕ ಈ ಎರಡೇ ಕಾರಣ. ಫೋನಿನಲ್ಲಿ ತೆಗೆದ ಫೋಟೋಗಳನ್ನು ಹಾಗೆಯೇ ಪಿಡಿಎಫ್ ಮಾಡಿದರೆ ಗಾತ್ರ ಸುಲಭವಾಗಿ ಮಿತಿ ದಾಟುತ್ತದೆ. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ.

ಹಣ ಕಡಿತವಾಗಿಯೂ ನೋಂದಣಿ ಸಂಖ್ಯೆ ಬರದಿದ್ದರೆ ಮತ್ತೆ ಪಾವತಿಸಬೇಡಿ. ಬ್ಯಾಂಕಿನ ಲೆಕ್ಕ ತಾಳೆಯಾದ ಮೇಲೆ ಸಂಖ್ಯೆ ತಾನಾಗಿ ಬರುತ್ತದೆ, 24ರಿಂದ 48 ಗಂಟೆ ಕಾಯಿರಿ.

ಪೋರ್ಟಲ್ ಎಷ್ಟೇ ಚೆನ್ನಾಗಿದ್ದರೂ ಪ್ರಶ್ನೆ ಸಡಿಲವಾದರೆ ಉತ್ತರವೂ ಸಡಿಲ. "ನಮ್ಮೂರಿನ ರೈಲ್ವೆ ಕೆಳಸೇತುವೆ ಯಾಕೆ ಮುಗಿದಿಲ್ಲ?" ಎಂದು ಕೇಳಿದರೆ, ಕಾರಣ ವಿವರಿಸುವುದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಅದರ ಬದಲು ಕಾರ್ಯಾದೇಶ, ಅವಧಿ ವಿಸ್ತರಣೆಯ ಆದೇಶಗಳು, ಇಲ್ಲಿಯವರೆಗಿನ ಬಿಲ್‌ಗಳು, ಟಿಪ್ಪಣಿ ಹಾಳೆಗಳ (ಕಡತದಲ್ಲಿ ಅಧಿಕಾರಿಗಳು ಬರೆದ ಅಭಿಪ್ರಾಯಗಳ) ಪ್ರತಿ ಕೇಳಿ. ವಿಳಂಬದ ಕಾರಣ ಟಿಪ್ಪಣಿ ಹಾಳೆಯಲ್ಲೇ ಸಿಗುವ ಸಂಭವ ಹೆಚ್ಚು. ಪ್ರತಿಗೆ ಪುಟಕ್ಕೆ 2 ರೂಪಾಯಿ. ಕಡತ ದಪ್ಪವಿದ್ದರೆ ಪರಿಶೀಲನೆ, ಅಂದರೆ ಕಚೇರಿಯಲ್ಲೇ ಕಡತ ನೋಡಲು ಅವಕಾಶ, ಕೋರಿ: ಮೊದಲ ಗಂಟೆ ಉಚಿತ, ಆಮೇಲೆ ಗಂಟೆಗೆ 5 ರೂಪಾಯಿ.

ಉತ್ತರಕ್ಕೆ ಗಡುವು 30 ದಿನ. ಪ್ರತಿಯ ಹಣ ಕಟ್ಟಲು ತಿಳಿಸಿದ ದಿನದಿಂದ ನೀವು ಕಟ್ಟುವವರೆಗಿನ ಕಾಲ ಈ ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ತಡಮಾಡಬೇಡಿ. ಗಡುವು ಮೀರಿದ ಮೇಲೆ ಕೊಟ್ಟರೆ ಮಾಹಿತಿ ಉಚಿತವಾಗಿ ಕೊಡಬೇಕು.

ಮೊದಲ ಮೇಲ್ಮನವಿಯೂ ಇದೇ ತಾಣದಲ್ಲಿ, ಶುಲ್ಕವಿಲ್ಲದೆ. ಉತ್ತರ ಬಂದ ಅಥವಾ ಗಡುವು ಮುಗಿದ ದಿನದಿಂದ 30 ದಿನದೊಳಗೆ ಹಾಕಬೇಕು. ಉತ್ತರವೇ ಬಾರದಿದ್ದರೆ ಕಾರಣಗಳ ಪಟ್ಟಿಯಲ್ಲಿ ಅದನ್ನೇ ಆರಿಸಿ. ಎರಡನೇ ಮೇಲ್ಮನವಿ ಕೇಂದ್ರ ಮಾಹಿತಿ ಆಯೋಗದ ಬೇರೆ ತಾಣದಲ್ಲಿ, 90 ದಿನದೊಳಗೆ. ಅಲ್ಲಿ ಅರ್ಜಿ, ಉತ್ತರ, ಮೊದಲ ಮೇಲ್ಮನವಿ, ಅದರ ಆದೇಶ ಎಲ್ಲವನ್ನೂ ಲಗತ್ತಿಸಬೇಕಾಗುತ್ತದೆ. ಪ್ರತಿ ಹಂತದಲ್ಲೂ ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಂಡವರಿಗೆ ಇದು ಅರ್ಧ ಗಂಟೆಯ ಕೆಲಸ.