ಗಂಜಿ ನೀರಾಯ್ತು, ನಾನು ಪೆದ್ದಿಯಾದೆ: ಪ್ರೋಟೀನ್ "ಮೈಗೆ ಹತ್ತಿಸೋ" ಪುಡಿಯ ಬಗ್ಗೆ ಹುಷಾರು

ಹುಬ್ಬಳ್ಳಿ-ಧಾರವಾಡದವರು ದಯವಿಟ್ಟು ಓದಿ. ವಾಕಿಂಗ್ ಜಾಗದ ಗೇಟಿನ ಹತ್ತಿರ "ಫ್ರೀ ಬಾಡಿ ಚೆಕಪ್" ಅಂತ ಟೇಬಲ್ ಹಾಕಿಕೊಂಡು ಕೂತಿರ್ತಾರಲ್ಲ, ಅಂಥವರ ಕೈಗೆ ನಾನು 7,800 ರೂಪಾಯಿ ಕೊಟ್ಟು ಬಂದೆ. ದುಡ್ಡಿಗಿಂತ ನಾಚಿಕೆ ಜಾಸ್ತಿ ಆಗಿದೆ. ಯಾಕಂದ್ರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹದಿನಾರು ವರ್ಷದಿಂದ.

ದೀಪಾವಳಿ ಮುಗಿದ ಮೇಲೆ ನನಗೆ ವಿಪರೀತ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕೂದಲು ಉದುರೋದು ಬೇರೆ. ಉಣಕಲ್ ಕೆರೆ ಕಡೆ ವಾಕಿಂಗ್ ಹೋದಾಗ ಒಬ್ಬ ಹುಡುಗ ಕರೆದ. ಚಪ್ಪಲಿ ಬಿಟ್ಟು ಮಷಿನ್ ಮೇಲೆ ನಿಲ್ಲಿಸಿದ. ಒಂದು ಚೀಟಿ ಬಂತು, ಅದರಲ್ಲಿ ಪ್ರೋಟೀನ್ ಅನ್ನೋ ಸಾಲು ಕೆಂಪಗೆ.

"ಅಕ್ಕಾರ, ವೆಜ್ ಏನ್ರಿ?"

ಹೌದ್ರಿ ಅಂದೆ.

"ಅದಕ್ಕ ನೋಡ್ರಿ. ನೀವು ಎಷ್ಟ ಬ್ಯಾಳಿ ತಿಂದ್ರೂ ನೂರಕ್ಕ ಮೂವತ್ತ ಅಷ್ಟ ಮೈಗೆ ಹತ್ತತೈತಿ. ಉಳದದ್ದೆಲ್ಲಾ ಮುಂಜಾನೆ ಹೊರಗ ಹೋಗತೈತಿ."

ಆ ಮಷಿನ್ ಮೈಯೊಳಗೆ ಸಣ್ಣ ಕರೆಂಟ್ ಬಿಟ್ಟು, ನೀರು ಎಷ್ಟಿದೆ ಅಂತ ಅಂದಾಜು ಮಾಡಿ, ಅದರಿಂದ ಉಳಿದದ್ದನ್ನು ಲೆಕ್ಕ ಹಾಕುತ್ತೆ ಅಷ್ಟೇ. ತಿಂದ ಬೇಳೆ ಎಷ್ಟು ಮೈಗೆ ಹತ್ತಿತು ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು? ಇದು ನನಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮರುದಿನ ಅವರ "ಸೆಂಟರ್"ಗೆ ಹೋದೆ. ಒಂದು ಕಾಂಪ್ಲೆಕ್ಸಿನ ಮಹಡಿ ಮೇಲೆ, ಹತ್ತು ಪ್ಲಾಸ್ಟಿಕ್ ಕುರ್ಚಿ. ನಾನು ಹಳ್ಳಕ್ಕೆ ಬಿದ್ದದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಎರಡು ಗಾಜಿನ ಲೋಟದಲ್ಲಿ ಗಟ್ಟಿ ಗಂಜಿ ತಂದಿಟ್ಟರು. ಉಗುರು ಬೆಚ್ಚಗಿತ್ತು. ಚಮಚ ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿ. ಒಂದಕ್ಕೆ ಅವರ ಎಂಜೈಮ್ (ತಿಂದದ್ದನ್ನು ಒಡೆದು ಜೀರ್ಣ ಮಾಡೋ ವಸ್ತು) ಪುಡಿ ಅರ್ಧ ಚಮಚ ಹಾಕಿ ಕಲಸಿದರು. ನಾಲ್ಕೈದು ನಿಮಿಷ ಮಾತಾಡ್ತಾ ಇದ್ದರು. ಆಮೇಲೆ ಲೋಟ ಬಗ್ಗಿಸಿದರೆ ಪುಡಿ ಹಾಕಿದ ಗಂಜಿ ನೀರಿನ ಹಾಗೆ ಸುರಿಯಿತು. ಇನ್ನೊಂದು ಲೋಟದ್ದು ಮುದ್ದೆಯಾಗಿ ಅಲ್ಲೇ ಕೂತಿತ್ತು. "ನಿಮ್ಮ ಹೊಟ್ಟ್ಯಾಗ ಈಗ ಹಿಂಗ ಐತ್ರಿ ಅಕ್ಕಾರ, ಇದನ್ನ ತಗೊಂಡ್ರ ಹಂಗ ಆಗತೈತಿ" ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಈಗಲೂ ನೆನಪಾದರೆ ಕೈ ಕತ್ತರಿಸಿಕೊಳ್ಳಬೇಕು ಅನ್ಸುತ್ತೆ.

ಮೂರು ಡಬ್ಬಿ, ಮೂರು ತಿಂಗಳಿಗೆ. ಫೋನ್‌ಪೇ ಮಾಡಿದ್ದು ಯಾವುದೋ ವ್ಯಕ್ತಿಯ ಹೆಸರಿಗೆ. ಬಿಲ್ ಕೇಳಿದ್ದಕ್ಕೆ ವಾಟ್ಸಾಪಿನಲ್ಲಿ ಒಂದು ಚೀಟಿಯ ಫೋಟೋ ಬಂತು. ಇಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲಿ ಇಬ್ಬರು ಟೀಚರುಗಳಿಗೂ ಹೇಳಿ ಕೊಡಿಸಿದೆ. ಆ ಮುಖ ಈಗ ಎಲ್ಲಿ ಇಟ್ಕೊಳ್ಳಲಿ?

ಎರಡನೇ ವಾರದಿಂದ ಹೊಟ್ಟೆ ಉರಿ, ಸಡಿಲ ಭೇದಿ. ಫೋನ್ ಮಾಡಿದರೆ "ಚಲೋ ಆತ್ರಿ, ಒಳಗಿನ ವಿಷ ಹೊರಗ ಹೋಗಾಕತ್ತೈತಿ" ಅಂದ. ಒಂದು ತಿಂಗಳಾಯ್ತು, ಸುಸ್ತು ಹೋಗಲಿಲ್ಲ. "ಹಂಗಿದ್ರ ಎರಡ ಚಮಚ ಮಾಡ್ರಿ, ಬಿಸಿ ಹಾಲಿನ್ಯಾಗ ತಗೋರಿ." ಬಿಸಿ ಹಾಲಿನಲ್ಲಿ! ಕುದಿಯೋ ಹಾಲಿಗೆ ಹಾಕಿದರೆ ಎಂಜೈಮ್ ಸತ್ತೇ ಹೋಗುತ್ತೆ. ಇದನ್ನೂ ನಾನು ಪಾಠ ಮಾಡ್ತೀನಿ. ಆದರೂ ಸುಮ್ನೆ ಕುಡಿದೆ.

ಜನವರಿಯಲ್ಲಿ ಹತ್ತನೇ ಕ್ಲಾಸಿಗೆ ರಿವಿಜನ್ ನಡೀತಾ ಇತ್ತು. ಜೀವಕ್ರಿಯೆಗಳ ಪಾಠ. ಎರಡು ಪ್ರನಾಳದಲ್ಲಿ ಗಂಜಿ, ಒಂದಕ್ಕೆ ಎಂಜಲು, ಸ್ವಲ್ಪ ಹೊತ್ತು ಬಿಟ್ಟು ಎರಡಕ್ಕೂ ಅಯೋಡಿನ್. ಎಂಜಲು ಹಾಕಿದ್ದರಲ್ಲಿ ನೀಲಿ ಬರಲ್ಲ, ಯಾಕಂದ್ರೆ ಎಂಜಲಿನಲ್ಲಿರೋ ಅಮೈಲೇಸ್ ಎಂಜೈಮ್ ಪಿಷ್ಟವನ್ನು ಒಡೆದಿರುತ್ತೆ. ಬೋರ್ಡಿನ ಮೇಲೆ ಎರಡು ಪ್ರನಾಳ ಬರೀತಾ ಇದ್ದೆ. ಎರಡು ಲೋಟ! ಚಾಕ್ ಅಲ್ಲೇ ನಿಂತಿತು. ಅವತ್ತು ಅವರು ತೋರಿಸಿದ್ದು ಇದನ್ನೇ ಅಲ್ವಾ? ಗಂಜಿ ಅಂದ್ರೆ ಪಿಷ್ಟ. ನೀರಾದದ್ದು ಪಿಷ್ಟ. ಪ್ರೋಟೀನಿಗೂ ಅದಕ್ಕೂ ಏನು ಸಂಬಂಧ?

ಸಂಜೆ ಮನೆಯಲ್ಲಿ ಗಂಜಿ ಮಾಡಿ, ಯಾರೂ ಇಲ್ಲದಾಗ ಒಂದು ಲೋಟಕ್ಕೆ ಉಗುಳಿ ಕಲಸಿದೆ. ಐದು ನಿಮಿಷಕ್ಕೆ ತೆಳ್ಳಗಾಯ್ತು. ನನ್ನ ಉಗುಳು ಮಾಡೋ ಕೆಲಸಕ್ಕೆ 7,800.

ಸೆಂಟರ್‌ಗೆ ಹೋಗಿ ಕೇಳಿದೆ, ಅದು ಪಿಷ್ಟ, ಪ್ರೋಟೀನ್ ಅಲ್ಲ ಅಂತ. ಅವನ ಉತ್ತರ: "ಎಲ್ಲಾ ಒಂದ ರೀ ಮೇಡಂ, ಒಳಗ ಹೋದ ಮ್ಯಾಲ ಎಲ್ಲಾ ಕರಗತೈತಿ." ದುಡ್ಡು ವಾಪಸ್ ಕೊಡಿ ಅಂದೆ. ಒಡೆದ ಡಬ್ಬಿ ತಗೊಳ್ಳಲ್ಲ ಅಂದರು. ಒಡೆಯದೇ ಇದ್ದದ್ದನ್ನಾದರೂ ತಗೊಳ್ಳಿ ಅಂದೆ. "ಪ್ಯಾಕೇಜ್ ರೀ ಅದು." ಡಬ್ಬಿ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿ "ಸರ್ಕಾರನ ಒಪ್ಪೇತಿ" ಅಂದ. ಆ ನಂಬರ್ ಚಿಪ್ಸ್ ಪ್ಯಾಕೆಟ್ ಮೇಲೂ ಇರುತ್ತಪ್ಪ. ಅದು ಆಹಾರ ವ್ಯಾಪಾರದ ಲೈಸೆನ್ಸ್. ಪುಡಿ ಕೆಲಸ ಮಾಡುತ್ತೆ ಅಂತ ಸರ್ಟಿಫಿಕೇಟ್ ಅಲ್ಲ. ಕೊನೆಗೆ ಅವನ ಮೇಲಿನವರು ಬಂದು ಹೇಳಿದ್ದು: "ನೀವು ನಂಬಿಕಿ ಇಟ್ಟು ತಗೊಂಡಿಲ್ರಿ ಮೇಡಂ." ನಂಬಿಕೆ! ಇದೇನು ಎಲ್ಲಮ್ಮನ ಭಂಡಾರವಾ?

ಆಮೇಲೆ ಡಾಕ್ಟರ ಹತ್ತಿರ ಹೋದೆ, ಮೊದಲೇ ಹೋಗಬೇಕಿತ್ತು. ತೂಕ ಇಳಿದಿದೆಯಾ, ಮಲದಲ್ಲಿ ಜಿಡ್ಡು ತೇಲುತ್ತಾ ಅಂತ ಕೇಳಿದರು. ಇಲ್ಲ ಅಂದೆ. ಮೇದೋಜೀರಕ ಗ್ರಂಥಿ ಕೆಟ್ಟವರಿಗೆ ಎಂಜೈಮ್ ಮಾತ್ರೆ ಕೊಡ್ತಾರೆ, ಅದು ಹೊಟ್ಟೆಯ ಆಮ್ಲಕ್ಕೆ ಕೆಡದ ಹಾಗೆ ಲೇಪನ ಹಾಕಿ ಬರುತ್ತೆ, ನಿಮಗೆ ಬೇಡ ಅಂದರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.2. ಕಬ್ಬಿಣದ ಕೊರತೆ. ಪ್ರೋಟೀನೂ ಅಲ್ಲ, ಎಂಜೈಮೂ ಅಲ್ಲ. ಎರಡು ತಿಂಗಳು ಪುಡಿ ಕುಡೀತಾ ಕೂತಿದ್ದೆ!

ಆ ಮೂವತ್ತರ ಲೆಕ್ಕವೂ ಸುಳ್ಳು. ಬೇಯಿಸಿದ ಬೇಳೆಕಾಳಿನ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಜಾಸ್ತಿಯೇ ಮೈಗೆ ಹತ್ತುತ್ತೆ. ಹಸಿ ಕಾಳಿನಲ್ಲಿ ಪ್ರೋಟೀನ್ ಒಡೆಯೋ ನಮ್ಮ ಟ್ರಿಪ್ಸಿನ್ ಎಂಜೈಮನ್ನು ತಡೆಯೋ ಅಂಶ ಇರೋದು ನಿಜ. ಅದನ್ನು ಕುಕ್ಕರ್ ಬಹುಪಾಲು ಮುಗಿಸಿಬಿಡುತ್ತೆ. ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯೋ ಫೈಟೇಟೂ ಕಡಿಮೆ ಆಗುತ್ತೆ. ನಮ್ಮತ್ತೆ ಮಡಿಕೆಕಾಳನ್ನು ಬಟ್ಟೆಯಲ್ಲಿ ಕಟ್ಟಿ ಇಡೋದು ಇನ್ನೇನು ಮತ್ತೆ? ಜೋಳದಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಚೆನ್ನಾಗಿದೆ. ರೊಟ್ಟಿ ಜೊತೆ ಹೆಸರುಕಾಳಿನ ಪಲ್ಯ ತಿಂದರೆ ಆ ಕೊರತೆ ತುಂಬುತ್ತೆ. ಎಂಜೈಮ್ ಇದ್ದ ಪ್ರೋಟೀನನ್ನು ಒಡೆಯಬಹುದು, ಇಲ್ಲದ ಲೈಸಿನ್ ಎಲ್ಲಿಂದ ತರುತ್ತೆ?

ಎಂಜೈಮ್ ಎಲ್ಲವೂ ಮೋಸ ಅಂತಲ್ಲ. ಹಾಲು ಒಗ್ಗದವರಿಗೆ ಹಾಲಿನ ಸಕ್ಕರೆ ಒಡೆಯೋ ಲ್ಯಾಕ್ಟೇಸ್ ಇದೆ, ಅದು ಕೆಲಸ ಮಾಡುತ್ತೆ. ಆದರೆ ಎಂಜೈಮಿನ ಬಲ ತಿಳಿಯೋದು ಯೂನಿಟ್ಟಿನಲ್ಲಿ, ಮಿಲಿಗ್ರಾಂನಲ್ಲಿ ಅಲ್ಲ. ನನ್ನ ಡಬ್ಬಿ ಮೇಲೆ "ಎಂಜೈಮ್ ಮಿಶ್ರಣ 150 ಮಿಲಿಗ್ರಾಂ" ಅಂತ ಮಾತ್ರ ಇದೆ. ಯಾವುದು ಎಷ್ಟು ಅಂತ ಇಲ್ಲ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ "ಔಷಧಿಯಾಗಿ ಬಳಸಲು ಅಲ್ಲ" ಅಂತಲೂ ಇದೆ. ಕನ್ನಡಕ ಹಾಕ್ಕೊಂಡು ಓದಿ, ನನ್ನ ಹಾಗೆ ಆಮೇಲೆ ಅಲ್ಲ.

ಪಕ್ಕಾ ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಸುಸ್ತಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮೋಸ ಹೋದವರು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ನಾನು ದೂರು ಕೊಟ್ಟಿದ್ದೀನಿ. ಧಾರವಾಡದ ಗ್ರಾಹಕ ಆಯೋಗಕ್ಕೂ ಹೋಗೋಣ ಅಂತಿದ್ದೀನಿ, 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಆ ಇಬ್ಬರು ಟೀಚರುಗಳ ದುಡ್ಡು ನಾನೇ ಕೊಡ್ತೀನಿ ಅಂದೆ. ಒಬ್ಬರು ಬೇಡ ಅಂದರು. ಇನ್ನೊಬ್ಬರು ಏನೂ ಅನ್ನಲಿಲ್ಲ, ಕೊಟ್ಟೆ.

ಮೊನ್ನೆ ಭಾನುವಾರ ಅದೇ ಹುಡುಗ ಅದೇ ಜಾಗದಲ್ಲಿ ಕೂತಿದ್ದ. ಒಬ್ಬ ವಯಸ್ಸಾದ ಅಜ್ಜಿ ಚಪ್ಪಲಿ ಬಿಡ್ತಾ ಇದ್ದರು. ನಾನು ಹತ್ತಿರ ಹೋಗಿ "ಅಜ್ಜಿ, ಬ್ಯಾಡ್ರಿ" ಅಂದೆ. ಅವನು ನನ್ನ ಕಡೆ ನೋಡಿ ನಕ್ಕು, "ನಮ್ಮ ಹಳೇ ಕಸ್ಟಮರ್ ರೀ ಇವ್ರು" ಅಂದ.