ಗಾಲಿಬನ ಪತ್ರಗಳನ್ನು ಕಲಬುರಗಿಯಲ್ಲಿ ಅಚ್ಚು ಹಾಕಿಸಿದ್ದು: ಒಂದು ಮುದ್ರಣಾಲಯದ ಕುರಿತು

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯೊಂದರಲ್ಲಿರುವ ಚಿಕ್ಕ ಮುದ್ರಣಾಲಯದಲ್ಲಿ ಕಳೆದ ವರ್ಷ ನನ್ನ ಪುಸ್ತಕವೊಂದನ್ನು ಅಚ್ಚು ಹಾಕಿಸಿದೆ. ಸ್ವಂತ ಖರ್ಚಿನಲ್ಲಿ ಪುಸ್ತಕ ತರಬೇಕೆಂದಿರುವ ನಮ್ಮ ಭಾಗದ ಬರಹಗಾರರಿಗೆ ಉಪಯೋಗವಾದೀತೆಂದು ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರೂ ಇರುವುದರಿಂದ ಮುದ್ರಣಾಲಯದ ಹೆಸರನ್ನು ಬರೆಯುವುದಿಲ್ಲ. ಅಚ್ಚಾದದ್ದು, ಮಿರ್ಜಾ ಗಾಲಿಬ್ ತನ್ನ ಪುಸ್ತಕಗಳ ಮುದ್ರಣ ಮತ್ತು ಮಾರಾಟದ ಬಗ್ಗೆ ಗೆಳೆಯರಿಗೂ ಶಿಷ್ಯರಿಗೂ ಬರೆದ ಉರ್ದು ಪತ್ರಗಳ ಕನ್ನಡ ಅನುವಾದ. ಡೆಮಿ 1/8 ಆಕಾರ, 112 ಪುಟ, 300 ಪ್ರತಿ.

ನನ್ನ ತಂದೆಯವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ವಚನಗಳನ್ನು ಬಾಯಿಪಾಠ ಹೇಳುತ್ತಿದ್ದರು, ಲೆಕ್ಕದ ಪುಸ್ತಕವನ್ನು ಮಾತ್ರ ಕೊನೆಯವರೆಗೂ ಉರ್ದುವಿನಲ್ಲೇ ಬರೆದರು. ಆ ಲಿಪಿಯನ್ನು ನನಗೆ ಕಲಿಸಿದವರೂ ಅವರೇ. ಗಾಲಿಬನ ಗಜಲುಗಳನ್ನು ಕನ್ನಡದಲ್ಲಿ ಓದಿದವರು ಬಹಳ ಮಂದಿ ಇದ್ದಾರೆ. ಆದರೆ ಆತ ಕಾಗದ, ಶಾಯಿ, ರಟ್ಟು, ಅಚ್ಚಿಗೆ ಕೊಡುವ ಹಾಳೆಯನ್ನು ಅಂದರೆ ಕಾಪಿಯನ್ನು ಬರೆಯುವವನ ಕೈಬರಹ ಇವುಗಳ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದನೆಂಬುದು ಪತ್ರಗಳಲ್ಲಿ ಮಾತ್ರ ಕಾಣುತ್ತದೆ.

1857ರ ದಂಗೆಯ ದಿನಗಳನ್ನು ಕುರಿತು ಗಾಲಿಬ್ ಪಾರಸಿಯಲ್ಲಿ ಬರೆದ ‘ದಸ್ತಂಬೂ’ 1858ರ ನವೆಂಬರಿನಲ್ಲಿ ಆಗ್ರಾದ ಮುಫೀದ್-ಎ-ಖಲಾಯಿಕ್ ಮುದ್ರಣಾಲಯದಲ್ಲಿ ಅಚ್ಚಾಯಿತು. ದಿಲ್ಲಿಯಲ್ಲಿ ಒಂದು ಮುದ್ರಣಾಲಯ ಉಳಿದಿದೆಯೆಂದು ಕೇಳಿದ್ದೇನೆ, ಆದರೆ ಅಲ್ಲಿ ಕಾಪಿ ಬರೆಯುವವನ ಅಕ್ಷರ ಚೆನ್ನಾಗಿಲ್ಲ ಎಂಬುದು ಆತ ಹೊರಗಿನ ಊರನ್ನು ಹುಡುಕಲು ಕೊಟ್ಟ ಕಾರಣ. ಮುದ್ರಣಾಲಯದ ಮಾಲೀಕ ಮುನ್ಶಿ ಶಿವನಾರಾಯಣ. ಕೆಲಸ ನೋಡಿಕೊಳ್ಳುವ ಹೊಣೆ ಶಿಷ್ಯ ಹರಗೋಪಾಲ ತಫ್ತಾನದು. ಕವಿ ದಿಲ್ಲಿಯಲ್ಲಿ, ಕಾಪಿ ಆಗ್ರಾದಲ್ಲಿ. ಹೀಗಾಗಿ ಪ್ರತಿಯೊಂದು ಸಣ್ಣ ತೀರ್ಮಾನವೂ ಅಂಚೆಯ ಮೂಲಕವೇ ಆಗಬೇಕಾಗಿತ್ತು. ನಮ್ಮ ಅದೃಷ್ಟಕ್ಕೆ ಅದೆಲ್ಲ ಕಾಗದದ ಮೇಲೆ ಉಳಿಯಿತು.

ಈ ಪುಸ್ತಕದ ಮೇಲೆ ಗಾಲಿಬನಿಗೆ ಬಹಳ ಭರವಸೆಯಿತ್ತು. ವರ್ಷಕ್ಕೆ 750 ರೂಪಾಯಿಯ ಕುಟುಂಬದ ಪಿಂಚಣಿ ದಂಗೆಯೊಂದಿಗೆ ನಿಂತುಹೋಗಿತ್ತು. ಅದು ಮತ್ತೆ ಕೈಗೆ ಬಂದದ್ದು 1860ರಲ್ಲಿ. ಚೆಂದದ ರಟ್ಟು ಕಟ್ಟಿಸಿದ ಕೆಲವು ಪ್ರತಿಗಳನ್ನು ದೊಡ್ಡ ಅಧಿಕಾರಿಗಳಿಗೂ ವಿಲಾಯತಿಯ ರಾಣಿಗೂ ಮುಟ್ಟಿಸಬೇಕೆಂಬ ಆಸೆಯಿಂದಲೇ ಆತ ಮುಖಪುಟದ ಒಂದೊಂದು ಅಕ್ಷರವನ್ನೂ ಕಾಯ್ದ. ತನ್ನನ್ನು ಜನ ಕರೆಯುವ ‘ಮಿರ್ಜಾ ನೌಶಾ’ ಎಂಬ ಹೆಸರು ಪುಸ್ತಕದ ಮೇಲೆ ಬರಲೇಬಾರದು, ದಿಲ್ಲಿಯ ಅಧಿಕಾರಿಗಳಿಗೆ ಅದು ಗೊತ್ತಿದ್ದರೂ ಕಲಕತ್ತೆಯಿಂದ ವಿಲಾಯತಿಯವರೆಗೆ ಯಾರಿಗೂ ಗೊತ್ತಿಲ್ಲ, ಹಾಗೆ ಅಚ್ಚಾದರೆ ತನ್ನ ಶ್ರಮವೆಲ್ಲ ಹಾಳಾಯಿತು ಎಂದು ತಫ್ತಾನಿಗೆ ಬರೆದ. ಅರಬ್ಬಿ ಪದಗಳನ್ನು ಬಳಸದೆ ಬರೆಯುವ ಪಣ ತೊಟ್ಟಿದ್ದ ಪುಸ್ತಕದಲ್ಲಿ ‘ನಹೀಬ್’ ಎಂಬ ಅರಬ್ಬಿ ಪದವೊಂದು ನುಸುಳಿದ್ದು ತಡವಾಗಿ ಕಣ್ಣಿಗೆ ಬಿದ್ದಾಗ, ಅದನ್ನು ಕೆರೆದು ತೆಗೆದು ಅದೇ ಜಾಗದಲ್ಲಿ ‘ನವಾ’ ಎಂದು ಬರೆಯಬೇಕೆಂದು ಹೇಳಿ ಕಳಿಸಿದ. ಕಂಪ್ಯೂಟರಿನಲ್ಲಿ ಪದ ಅಳಿಸುವ ನಮಗೆ ಈ ಕೆರೆಯುವ ಕೆಲಸ ಕಣ್ಣಿಗೆ ಕಟ್ಟುವುದಿಲ್ಲ. ಆಗ ಉರ್ದು, ಪಾರಸಿ ಪುಸ್ತಕಗಳು ಕಲ್ಲಚ್ಚಿನಲ್ಲಿ ಆಗುತ್ತಿದ್ದವು: ಕಾತಿಬನು, ಅಂದರೆ ಕಾಪಿ ಬರೆಯುವವನು, ಜಿಡ್ಡಿನ ಶಾಯಿಯಿಂದ ಹಾಳೆಯ ಮೇಲೆ ಬರೆದದ್ದನ್ನು ಕಲ್ಲಿಗೆ ಇಳಿಸಿ ಅಚ್ಚು ತೆಗೆಯುತ್ತಿದ್ದರು. ಕಲ್ಲಿಗೆ ಇಳಿದ ಮೇಲೆ ತಿದ್ದಬೇಕಾದರೆ ಅಕ್ಷರವನ್ನು ತಿರುಗುಮುರುಗಾಗಿ ಬರೆಯಬಲ್ಲ ಕೈ ಬೇಕಾಗಿತ್ತು.

ನನ್ನ ಮನಸ್ಸನ್ನು ಬಹಳ ಕಲಕಿದ್ದು 1861ರ ಪತ್ರ. ಆತನ ಉರ್ದು ದಿವಾನಿನ (ಕವನ ಸಂಕಲನದ) ಮೂರನೆಯ ಮುದ್ರಣ ಆ ವರ್ಷ ದಿಲ್ಲಿಯ ಅಹ್ಮದಿ ಮುದ್ರಣಾಲಯದಲ್ಲಿ ಆಯಿತು. ಶಿಷ್ಯ ಮೀರ್ ಮೆಹದಿ ಮಜರೂಹನಿಗೆ ಬರೆದ ಪತ್ರದಲ್ಲಿ ಗಾಲಿಬ್ ಲಖನೌದ ಮುದ್ರಣವನ್ನು ಹೊಗಳಿ, ದಿಲ್ಲಿಗೂ ಅದರ ನೀರಿಗೂ ಅದರ ಅಚ್ಚಿಗೂ ಶಾಪ ಹಾಕುತ್ತಾನೆ. ಪ್ರತಿಯೊಂದು ಕಾಪಿಯನ್ನೂ ತಾನೇ ನೋಡುತ್ತಿದ್ದನಂತೆ. ಕಾಪಿ ಬರೆಯುವವನು ಬೇರೆ, ಅದನ್ನು ತನ್ನ ಹತ್ತಿರ ತರುವವನು ಬೇರೆ. ಪುಸ್ತಕ ಮುಗಿದು ಕೈಗೆ ಬಂದಾಗ ನೋಡಿದರೆ ತಾನು ಗುರುತು ಹಾಕಿದ ತಪ್ಪುಗಳು ಇದ್ದಂತೆಯೇ ಇವೆ ಎಂಬುದು ಆತನ ದೂರು. ಕೃತಿಕಾರನ ಹಕ್ಕೆಂದು ಆತನಿಗೆ ಸಿಕ್ಕಿದ್ದು ಒಂದೇ ಒಂದು ಪ್ರತಿ. ಅಂಥದರಲ್ಲೂ ಆತ ಕೈಚೆಲ್ಲಿ ಕೂಡಲಿಲ್ಲ. ಒಂದು ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ತಿದ್ದಿಕೊಟ್ಟ. ಅದರ ಆಧಾರದ ಮೇಲೆ 1862ರಲ್ಲಿ ಕಾನ್ಪುರದ ನಿಜಾಮಿ ಮುದ್ರಣಾಲಯದಿಂದ ನಾಲ್ಕನೆಯ ಮುದ್ರಣ ಬಂತು.

ಈ ಪತ್ರವನ್ನು ಅನುವಾದಿಸಿ ಮುಗಿಸಿದ ಕೈಯಲ್ಲೇ ನಾನು ಮುದ್ರಣಾಲಯ ಹುಡುಕಲು ಹೊರಟಿದ್ದರಿಂದ, ಹೋದಲ್ಲೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ನಾನು ತಿದ್ದಿದ ತಪ್ಪು ತಿದ್ದಲ್ಪಟ್ಟಿದೆಯೆಂದು ನನಗೆ ಗೊತ್ತಾಗುವುದು ಯಾವಾಗ? ಎರಡು ಕಡೆ “ಎಲ್ಲಾ ಮಾಡ್ತೀವ್ರಿ” ಎಂಬ ಉತ್ತರ ಬಂತು. ಈ ಮುದ್ರಣಾಲಯದ ಮಾಲೀಕರು ಕಪಾಟಿನಿಂದ ಹಳೆಯ ಪುಸ್ತಕವೊಂದರ ಕರಡುಗಳ ಕಟ್ಟನ್ನು ತೆಗೆದು ಮುಂದಿಟ್ಟರು. ಪ್ರತಿ ಹಾಳೆಯ ಕೆಳಗೆ ಲೇಖಕರ ಸಹಿ ಮತ್ತು ತಾರೀಖು ಇದ್ದವು. “ಸರ, ನೀವು ಸಹಿ ಮಾಡಿದ ಹಾಳಿ ಕೈಯಾಗ ಬರೋತನಕ ನಾವು ಪ್ಲೇಟ್ ಹಾಕಂಗಿಲ್ರಿ” ಎಂದರು. ಹಿಂದಿನ ಕರಡನ್ನೂ ಹೊಸ ಕರಡನ್ನೂ ಒಟ್ಟಿಗೆ ಪಿನ್ನು ಹಾಕಿ ಕೊಡುತ್ತಾರೆ. ಕೆಂಪು ಶಾಯಿಯ ಗುರುತೊಂದೊಂದನ್ನೂ ಪಕ್ಕದ ಹಾಳೆಯಲ್ಲಿ ಹುಡುಕಿ ನೋಡಿಕೊಳ್ಳಬಹುದು. ನಾಲ್ಕು ಕರಡು ನೋಡಿದೆ, ನಾಲ್ಕನೆಯದಕ್ಕೆ ಸಹಿ ಮಾಡಿದೆ. ಕರಡು ಹೆಚ್ಚಾಯಿತೆಂದು ಒಂದು ದಿನವೂ ಮುಖ ಗಂಟಿಕ್ಕಲಿಲ್ಲ, ಹೆಚ್ಚಿನ ಹಣವನ್ನೂ ಕೇಳಲಿಲ್ಲ.

ಅಕ್ಷರ ಜೋಡಿಸುವ ಹುಡುಗಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಾನು ಮನೆಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದ ಕಡತವನ್ನು ಯುನಿಕೋಡಿಗೆ ಬದಲಿಸಿದಾಗ ಕೆಲವೆಡೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿದಿತ್ತು, ಜ಼ ಮತ್ತು ಫ಼ ಅಕ್ಷರಗಳ ಕೆಳಗಿನ ಚುಕ್ಕೆಗಳು ಉದುರಿದ್ದವು. ನಾನು ಹೇಳುವ ಮೊದಲೇ ಆಕೆ ಅವುಗಳ ಪಟ್ಟಿ ಮಾಡಿ ಇಟ್ಟಿದ್ದಳು. ಎರಡನೆಯ ಕರಡಿನಲ್ಲಿ ‘ತಫ್ತಾ’ ಎಂಬ ಹೆಸರು ಎಲ್ಲ ಕಡೆ ‘ತಪ್ತ’ ಎಂದಾಗಿತ್ತು. ಕೇಳಿದಾಗ, “ತಫ್ತಾ ಅಂದ್ರ ಏನಂತ ಗೊತ್ತಾಗ್ಲಿಲ್ರಿ ಸರ, ತಪ್ತ ಇರಬೇಕಂತ ತಿದ್ದಿನ್ರಿ” ಎಂದಳು. ಆಕೆಗೆ ಗೊತ್ತಿಲ್ಲದೆಯೇ ದೊಡ್ಡ ಮಾತೊಂದು ಹೊರಬಿದ್ದಿತ್ತು. ಪಾರಸಿಯ ‘ತಫ್ತಾ’, ಸಂಸ್ಕೃತದಿಂದ ನಮಗೆ ಬಂದ ‘ತಪ್ತ’ ಎರಡರ ಬೇರೂ ಒಂದೇ, ಅರ್ಥವೂ ಒಂದೇ: ಕಾದದ್ದು, ಬೆಂದದ್ದು. ಹೆಸರನ್ನು ಮೊದಲಿನಂತೆ ಮಾಡಿಸಿದೆ. ಆಕೆಯ ತಿದ್ದುಪಡಿಯನ್ನು ನೆನೆದು ಅದರ ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದೆ.

ಒಳಪುಟಗಳಿಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ ಬಳಸಿದ್ದಾರೆ. ಹಿಂಬದಿಯ ಅಕ್ಷರ ಮುಂದೆ ಕಾಣುವುದಿಲ್ಲ, ಶಾಯಿ ಕೊನೆಯ ಪುಟದವರೆಗೂ ಒಂದೇ ಸಮನಾಗಿದೆ. ಒಟ್ಟು ಖರ್ಚು 27,600 ರೂಪಾಯಿ, ಅಂದರೆ ಪ್ರತಿಗೆ 92 ರೂಪಾಯಿ ಬಿದ್ದಿತು. ಇಷ್ಟು ಕಡಿಮೆ ಪ್ರತಿಗಳಿಗೆ ಇದು ನ್ಯಾಯವಾದ ದರವೆಂದೇ ನನ್ನ ಅಭಿಪ್ರಾಯ.

ಎರಡು ವಿಷಯಗಳಲ್ಲಿ ಮಾತ್ರ ನನಗೆ ನೋವಾಗಿದೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ದಿನ ಗೆಳೆಯರ ಮುಂದೆ ಪುಸ್ತಕ ಇಡಬೇಕೆಂದಿದ್ದೆ, ಮಾಲೀಕರೂ ಒಪ್ಪಿಕೊಂಡಿದ್ದರು. ಕೈಗೆ ಬಂದದ್ದು ದಸರಾ ಮುಗಿದ ಮೇಲೆ. ಮುಂಚೆಯೇ ಹೇಳಿದ್ದರೆ ಆಮಂತ್ರಣ ಹಂಚುತ್ತಿರಲಿಲ್ಲ. ಎರಡನೆಯದು ಬೈಂಡಿಂಗ್. ಅದು ಇವರಲ್ಲಿ ಆಗುವುದಿಲ್ಲ, ಹೊರಗೆ ಕೊಡುತ್ತಾರೆ. ನಾನು ಹೊಲಿಗೆಯ ಬೈಂಡಿಂಗಿಗೆ ಹಣ ಕೊಟ್ಟಿದ್ದೆ. ಒಂದು ಕಟ್ಟಿನ 40 ಪ್ರತಿಗಳು ಬರೀ ಅಂಟು ಹಚ್ಚಿಸಿಕೊಂಡು ಬಂದಿದ್ದವು, ಮೂರನೆಯ ಸಲ ತೆರೆಯುವಷ್ಟರಲ್ಲಿ ನಡುವಿನ ಹಾಳೆಗಳು ಬಿಟ್ಟುಕೊಂಡವು. ನಮ್ಮ ಮೇ ತಿಂಗಳ ಬಿಸಿಲಿಗೆ ಅಂಥ ಪ್ರತಿ ಒಂದು ವರ್ಷ ತಾಳುವುದೂ ಕಷ್ಟ. ತೋರಿಸಿದ ಕೂಡಲೇ ವಾಪಸ್ ತೆಗೆದುಕೊಂಡು ಹೊಲಿಸಿಕೊಟ್ಟರೆಂಬುದು ನಿಜ. ಆದರೆ ಅದನ್ನು ನಾನೇ ಕಂಡುಹಿಡಿಯಬೇಕಾಯಿತು. ಕರಡಿನಲ್ಲಿ ತೋರಿಸುವ ಎಚ್ಚರವನ್ನು ರಟ್ಟಿನಲ್ಲೂ ತೋರಿಸಬೇಕು. ಇಲ್ಲಿ ಕೆಲಸ ಕೊಡುವವರು ‘ಹೊಲಿಗೆ’ ಎಂಬ ಪದವನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳಿ. ಪ್ರತಿಗಳನ್ನು ಒಯ್ಯುವ ಮೊದಲು ಪ್ರತಿ ಕಟ್ಟಿನಿಂದಲೂ ಒಂದೊಂದನ್ನು ಬಿಚ್ಚಿ ನೋಡಿ.

ಮಾರಾಟದಲ್ಲಿ ಇವರಿಂದ ಹೆಚ್ಚಿನ ನೆರವಿಲ್ಲ. ಮುಂಬಾಗಿಲ ಮೇಜಿನ ಮೇಲೆ ತಾವು ಅಚ್ಚು ಹಾಕಿದ ಪುಸ್ತಕಗಳನ್ನು ಇಡುತ್ತಾರೆ, ಕಮಿಷನ್ ಮುರಿದುಕೊಳ್ಳುವುದಿಲ್ಲ. ಲಗ್ನಪತ್ರಿಕೆ ಮಾಡಿಸಲು ಬಂದವರು ಕೈಗೆತ್ತಿಕೊಂಡು ನೋಡಿ ಒಯ್ದ 11 ಪ್ರತಿಗಳ ಹಣವನ್ನು ಲಕೋಟೆಯಲ್ಲಿ ಹಾಕಿ ಕೊಟ್ಟರು. ಉಳಿದದ್ದೆಲ್ಲ ಗೆಳೆಯರ ಮುಖಾಂತರ ಬೀದರಿಗೆ, ಯಾದಗಿರಿಗೆ ಹೋಯಿತು. ಗಾಲಿಬನೂ ಗೆಳೆಯರನ್ನೇ ನಂಬಿದ್ದ. ಆ ಗೆಳೆಯರು 1858ರಲ್ಲೇ ಆತನ ಪತ್ರಗಳನ್ನೂ ಅಚ್ಚು ಹಾಕಿಸಲು ಹೊರಟಾಗ, ಅವು ಮನಸ್ಸಿಗೆ ಬಂದಂತೆ ಗೀಚಿದವು, ತನ್ನ ಕವಿಕೀರ್ತಿಗೆ ಕುಂದು ಎಂದು ತಡೆದಿದ್ದ. ‘ಊದ್-ಎ-ಹಿಂದಿ’ ಎಂಬ ಮೊದಲ ಸಂಕಲನ ಮೀರತ್‌ನಿಂದ ಬಂದದ್ದು 1868ರ ಅಕ್ಟೋಬರಿನಲ್ಲಿ. ಇನ್ನೊಂದು ಸಂಕಲನ ‘ಉರ್ದು-ಎ-ಮುಅಲ್ಲಾ’ ಹೊರಬಂದದ್ದು 1869ರ ಮಾರ್ಚಿನಲ್ಲಿ, ಆತ ತೀರಿಕೊಂಡ ಕೆಲವೇ ವಾರಗಳ ಮೇಲೆ.

ನನ್ನ ಪುಸ್ತಕದಲ್ಲೂ ಒಂದು ತಪ್ಪು ಉಳಿಯಿತು. 63ನೆಯ ಪುಟದಲ್ಲಿ ಕಾನ್ಪುರದ ಮುದ್ರಣದ ವರ್ಷ 1826 ಎಂದು ಬಿದ್ದಿದೆ. ಕರಡಿನ ಕಟ್ಟನ್ನು ತೆಗೆಸಿ ನೋಡಿದೆ. ನಾಲ್ಕು ಕರಡಿನಲ್ಲೂ ಹಾಗೆಯೇ ಇತ್ತು, ಕೊನೆಯದರ ಕೆಳಗೆ ನನ್ನ ಸಹಿಯೂ ಇತ್ತು. ತಪ್ಪು ನನ್ನದೆಂದು ಹೇಳಿದ ಮೇಲೂ ಮಾಲೀಕರು ಸಂಜೆ ಅಂಗಡಿಯ ಒಂದು ಮೂಲೆಯನ್ನು ಬಿಡಿಸಿಕೊಟ್ಟು, ಬ್ಲೇಡು ಮತ್ತು ತೆಳು ಮೊನೆಯ ಕಪ್ಪು ಪೆನ್ನು ತರಿಸಿದರು. ಅಕ್ಷರ ಜೋಡಿಸುವ ಹುಡುಗಿ ಪುಟ ತೆರೆದು ಹಿಡಿದಳು, ನಾನು 2 ಮತ್ತು 6 ಅಂಕಿಗಳನ್ನು ಹಗುರವಾಗಿ ಕೆರೆದು ಅದಲುಬದಲು ಬರೆದೆ. ಮೂರು ಸಂಜೆ ಬೇಕಾಯಿತು. ಮೇಜಿನ ಮೇಲಿನಿಂದ ಅದಾಗಲೇ ಮಾರಾಟವಾಗಿದ್ದ 11 ಪ್ರತಿಗಳಲ್ಲಿ ತಪ್ಪು ಹಾಗೆಯೇ ಹೋಗಿದೆ. ಅವುಗಳಲ್ಲೊಂದು ನಿಮ್ಮ ಬಳಿ ಇದ್ದರೆ ದಯವಿಟ್ಟು 1862 ಎಂದು ತಿದ್ದಿಕೊಳ್ಳಿ.