ಬಾಸ್ ಕಾಟಕ್ಕೆ ಕೆಲಸ ಬಿಡುವವರಿಗೆ ಲಿಂಕ್ಡ್‌ಇನ್, ಗ್ಲಾಸ್‌ಡೋರ್, ಬ್ಲೈಂಡ್: ಯಾವುದು ಎಷ್ಟು ಉಪಯೋಗ?

ಸಂಬಳ ಸಾಲದೆ ಬೇರೆ ಕೆಲಸ ಹುಡುಕುವವರಿಗೆ ಆಫರ್ ಲೆಟರ್‌ನಲ್ಲಿರುವ ಅಂಕಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಬಾಸ್ ಕಾಟ ತಾಳಲಾರದೆ ಹುಡುಕುವವರ ಪಾಡು ಹಾಗಲ್ಲ. ಅವರಿಗೆ ಎರಡು ಸಂಗತಿ ಮುಖ್ಯ: ಹುಡುಕಾಟದ ಸುಳಿವು ಈಗಿನ ಬಾಸ್‌ಗೆ ಸಿಗಬಾರದು, ಮುಂದಿನ ಬಾಸ್ ಎಂಥವರೆಂದು ಸೇರುವ ಮೊದಲೇ ತಿಳಿಯಬೇಕು. ಇಂಥವರು ಕಡಿಮೆಯೇನಿಲ್ಲ. ಅಮೆರಿಕದ ಗ್ಯಾಲಪ್ ಸಂಸ್ಥೆ 7,272 ವಯಸ್ಕರನ್ನು ಕೇಳಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಬ್ಬರಲ್ಲಿ ಒಬ್ಬರು ವೃತ್ತಿಜೀವನದ ಯಾವುದೋ ಹಂತದಲ್ಲಿ ಮ್ಯಾನೇಜರ್‌ನಿಂದ ತಪ್ಪಿಸಿಕೊಳ್ಳಲೆಂದೇ ಕೆಲಸ ಬಿಟ್ಟಿದ್ದರು.

ಆದರೂ ಜನ ಹೆಚ್ಚಾಗಿ ಬಳಸುವ ಈ ಮೂರು ಸೇವೆಗಳು ಅಳೆಯುವುದು ಕಂಪನಿಯನ್ನು, ಬಾಸ್‌ನನ್ನಲ್ಲ. ಒಳ್ಳೆಯ ಹೆಸರಿರುವ ಕಂಪನಿಯಲ್ಲೂ ಒಂದು ತಂಡ ನರಕವಾಗಿರಬಹುದು, ಹೆಸರು ಕೆಡಿಸಿಕೊಂಡ ಕಂಪನಿಯಲ್ಲೂ ಒಬ್ಬ ಮ್ಯಾನೇಜರ್ ತಮ್ಮ ಹತ್ತು ಜನರನ್ನು ಚೆನ್ನಾಗಿ ನೋಡಿಕೊಳ್ಳುತ್ತಿರಬಹುದು. ಹಾಗಾಗಿ ಇಲ್ಲಿ ಮೂರನ್ನೂ ಮೇಲಿನ ಎರಡೇ ಅಗತ್ಯಗಳ ಮೇಲೆ ತೂಗಿದ್ದೇವೆ. ಕೆಲಸದ ಜಾಹೀರಾತು ಯಾವುದರಲ್ಲಿ ಹೆಚ್ಚು ಬರುತ್ತವೆ ಎಂಬ ಲೆಕ್ಕ ಇಲ್ಲಿಲ್ಲ.

ಲಿಂಕ್ಡ್‌ಇನ್: ಗುಟ್ಟು ಉಳಿಸುವುದರಲ್ಲಿ

2003ರಲ್ಲಿ ಶುರುವಾಗಿ 2016ರಲ್ಲಿ ಮೈಕ್ರೋಸಾಫ್ಟ್ ಪಾಲಾದ, ಉದ್ಯೋಗಿಗಳು ತಮ್ಮ ವೃತ್ತಿ ವಿವರ ಹಾಕಿ ಪರಿಚಯ ಬೆಳೆಸುವ ತಾಣವಾದ ಲಿಂಕ್ಡ್‌ಇನ್ ಹುಟ್ಟಿದ್ದೇ ಎದ್ದು ಕಾಣಬಯಸುವವರಿಗಾಗಿ. ಸದ್ದಿಲ್ಲದೆ ಹೊರಡುವವರಿಗೆ ಅದರ ಎಷ್ಟೋ ಸೆಟ್ಟಿಂಗ್‌ಗಳು ಉಲ್ಟಾ ಹೊಡೆಯುತ್ತವೆ. ರೆಸ್ಯೂಮೆ ತಿದ್ದುವುದಕ್ಕೂ ಮೊದಲು ಒಂದರ್ಧ ಗಂಟೆ ಸೆಟ್ಟಿಂಗ್ಸ್‌ನಲ್ಲಿ ಕೂರುವುದು ಒಳ್ಳೆಯದು.

ಮೊದಲು ಇಮೇಲ್. ಖಾತೆಯ ಪ್ರೈಮರಿ ವಿಳಾಸ ಕಚೇರಿಯದ್ದಾಗಿದ್ದರೆ ಜಾಬ್ ಅಲರ್ಟ್‌ಗಳು, ರಿಕ್ರೂಟರ್, ಅಂದರೆ ಕಂಪನಿಗಳಿಗೆ ಜನ ಹುಡುಕುವವರ, ಸಂದೇಶಗಳ ಸೂಚನೆಗಳು ನೇರ ಕಚೇರಿಯ ಇನ್‌ಬಾಕ್ಸ್‌ಗೆ ಬಂದು ಬೀಳುತ್ತವೆ. ಕೊನೆಯ ದಿನ ಆ ಮೇಲ್ ಬಂದ್ ಆದರೆ ಪಾಸ್‌ವರ್ಡ್ ಮರೆತ ಖಾತೆಯೂ ಕೈತಪ್ಪುತ್ತದೆ. ಸ್ವಂತ ವಿಳಾಸ ಸೇರಿಸಿ, ದೃಢೀಕರಿಸಿ, ಅದನ್ನೇ ಪ್ರೈಮರಿ ಮಾಡಿ. ಹಳೆಯದನ್ನು ಆಮೇಲೆ ತೆಗೆಯಿರಿ.

ಎರಡನೆಯದು, ಪ್ರೊಫೈಲ್ ಬದಲಾದಾಗ ನೆಟ್‌ವರ್ಕ್‌ಗೆ ಸುದ್ದಿ ಮುಟ್ಟಿಸುವ ಆಯ್ಕೆ. ಅದನ್ನು ಆಫ್ ಮಾಡಿ. ಆದರೆ ಆಫ್ ಮಾಡಿದರೆ ಸುದ್ದಿ ಹೋಗುವುದಿಲ್ಲವೇ ಹೊರತು, ಪ್ರೊಫೈಲ್ ತೆರೆದು ನೋಡುವವರಿಗೆ ಬದಲಾವಣೆ ಕಂಡೇ ಕಾಣುತ್ತದೆ. ಮೂರು ವರ್ಷ ಧೂಳು ಹಿಡಿದಿದ್ದ ಪ್ರೊಫೈಲ್ ಒಂದೇ ರಾತ್ರಿಯಲ್ಲಿ ಹೊಸ ಫೋಟೊ, ಹೊಸ ಹೆಡ್‌ಲೈನ್, ಹತ್ತು ಹೊಸ ಸ್ಕಿಲ್‌ಗಳೊಂದಿಗೆ ಮಿಂಚಿದರೆ ಅದು ಡಂಗುರ ಸಾರಿದ ಹಾಗೆಯೇ. ವಾರಕ್ಕೆ ಒಂದು ಭಾಗ ತಿದ್ದಿದರೆ ಸಾಕು. ಒಂದೇ ವಾರದಲ್ಲಿ ನಾಲ್ಕು ಜನರ ಬಳಿ ರೆಕಮಂಡೇಶನ್ (ಪ್ರೊಫೈಲ್‌ನಲ್ಲಿ ಕಾಣುವ ಮೆಚ್ಚುಗೆಯ ಮಾತು) ಬರೆಸಿಕೊಳ್ಳುವುದೂ ಇದೇ ಜಾತಿಯ ತಪ್ಪು.

ಮೂರನೆಯದು ಕನೆಕ್ಷನ್‌ಗಳ, ಅಂದರೆ ನೀವು ಜೋಡಿಸಿಕೊಂಡ ಪರಿಚಯದವರ ಪಟ್ಟಿ. ಬಾಸ್ ನಿಮ್ಮ ಕನೆಕ್ಷನ್ ಆಗಿದ್ದು, ಪಟ್ಟಿ ತೆರೆದಿದ್ದರೆ, ಈ ತಿಂಗಳು ನೀವು ಹೊಸದಾಗಿ ಸೇರಿಸಿಕೊಂಡ ಏಳು ರಿಕ್ರೂಟರ್‌ಗಳು ಅವರಿಗೂ ಕಾಣುತ್ತಾರೆ. ವಿಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಪಟ್ಟಿಯನ್ನು ಮುಚ್ಚಬಹುದು. ಆದರೆ ಇಬ್ಬರಿಗೂ ಪರಿಚಯವಿರುವವರು ಆಗಲೂ ಕಾಣುತ್ತಾರೆ. ಬಾಸ್‌ನನ್ನು ಬ್ಲಾಕ್ ಮಾಡುವ ಯೋಚನೆ ಬೇಡ. ಅವರಿಗೆ ಸೂಚನೆ ಹೋಗದಿದ್ದರೂ, ಹುಡುಕಿದಾಗ ನೀವು ಮಾಯವಾಗಿರುತ್ತೀರಿ. ಅನುಮಾನ ಹುಟ್ಟಲು ಅಷ್ಟು ಸಾಕು.

ಇನ್ನು ‘ಓಪನ್ ಟು ವರ್ಕ್’, ಅಂದರೆ ಕೆಲಸ ಹುಡುಕುತ್ತಿದ್ದೇನೆಂದು ತಿಳಿಸುವ ಆಯ್ಕೆ. ಇದರಲ್ಲಿ ಎರಡು ದಾರಿ. ಎಲ್ಲ ಸದಸ್ಯರಿಗೂ ತೋರಿಸಿದರೆ ಫೋಟೊ ಸುತ್ತ ಹಸಿರು ಚೌಕಟ್ಟು ಬರುತ್ತದೆ. ಕೆಲಸದಲ್ಲಿರುವವರಿಗೆ ಅದು ಬೇಡವೇ ಬೇಡ. ರಿಕ್ರೂಟರ್‌ಗಳಿಗೆ ಮಾತ್ರ ತೋರಿಸುವ ಆಯ್ಕೆಯಲ್ಲಿ, ನಿಮ್ಮ ಕಂಪನಿಯ ಮತ್ತು ಅದರ ಸೋದರ ಕಂಪನಿಗಳ ರಿಕ್ರೂಟರ್‌ಗಳಿಂದ ಮರೆಮಾಚುವ ಪ್ರಯತ್ನ ಮಾಡುತ್ತೇವೆ, ಪೂರ್ತಿ ಖಾತರಿ ಕೊಡಲಾರೆವು ಎಂದು ಲಿಂಕ್ಡ್‌ಇನ್ ತಾನೇ ಹೇಳುತ್ತದೆ. ಸೋರುವ ಜಾಗಗಳನ್ನು ಊಹಿಸುವುದು ಕಷ್ಟವಲ್ಲ. ನಿಮ್ಮ ಕಂಪನಿಗೆ ಜನ ಹುಡುಕಿಕೊಡುವ ಹೊರಗಿನ ಏಜೆನ್ಸಿಯವರು ನಿಮ್ಮ ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲ, ಅವರಿಗೆ ಕಾಣುತ್ತದೆ. ಪ್ರೊಫೈಲ್‌ನಲ್ಲಿ ಈಗಿನ ಕೆಲಸವನ್ನು ಕಂಪನಿಯ ಅಧಿಕೃತ ಪುಟಕ್ಕೆ ಜೋಡಿಸದೆ ಬರೀ ಹೆಸರು ಟೈಪ್ ಮಾಡಿಟ್ಟಿದ್ದರೆ, ಯಾರಿಂದ ಮರೆಮಾಚಬೇಕೆಂದು ವ್ಯವಸ್ಥೆಗೆ ತಿಳಿಯುವುದಾದರೂ ಹೇಗೆ? ಕಂಪನಿಯ ಲೋಗೊ ಬಂದಿದೆಯೇ ಎಂದು ಮೊದಲು ನೋಡಿಕೊಳ್ಳಿ. ಊರಿಗೆ ಒಂದೆರಡೇ ಏಜೆನ್ಸಿಗಳಿರುವ ಸಣ್ಣ ಉದ್ಯಮದಲ್ಲಿದ್ದರೆ ಈ ಗುಂಡಿಯನ್ನು ಮುಟ್ಟದಿರುವುದೇ ಕ್ಷೇಮ, ನೀವೇ ಅರ್ಜಿ ಹಾಕಿ.

ಲಿಂಕ್ಡ್‌ಇನ್: ಮುಂದಿನ ಬಾಸ್‌ನನ್ನು ಅರಿಯುವುದರಲ್ಲಿ

ಮೂರರಲ್ಲಿ ಲಿಂಕ್ಡ್‌ಇನ್ ಗೆಲ್ಲುವುದು ಇಲ್ಲಿ. ವಿಚಿತ್ರವೆಂದರೆ ಈ ಕೆಲಸಕ್ಕೆಂದೇ ಮಾಡಿದ ಸೌಲಭ್ಯ ಅದರಲ್ಲಿ ಒಂದೂ ಇಲ್ಲ, ಬೇರೆ ಕಾರಣಕ್ಕೆ ಇಟ್ಟದ್ದನ್ನು ನಾವು ತಿರುಗಿಸಿ ಬಳಸಬೇಕು.

ಮೊದಲು ಹೆಸರು ಬೇಕು. ರಿಕ್ರೂಟರ್ ಜೊತೆಗಿನ ಮೊದಲ ಕರೆಯಲ್ಲೇ ‘ಈ ಹುದ್ದೆಯವರು ಯಾರಿಗೆ ರಿಪೋರ್ಟ್ ಮಾಡಬೇಕು?’ ಎಂದು ಕೇಳಿ. ಕೆಲವು ಜಾಹೀರಾತುಗಳಲ್ಲಿ ನೇಮಕದ ತಂಡದವರ ಹೆಸರು ಇರುತ್ತದೆ, ಆದರೆ ಅದು ಹೆಚ್ಚಾಗಿ ಎಚ್‌ಆರ್‌ನವರದ್ದು. ಎರಡನೇ ಸುತ್ತು ಮುಗಿದರೂ ಬಾಸ್ ಯಾರೆಂದು ಹೇಳದಿದ್ದರೆ, ಒಂದೋ ಆ ಜಾಗವೇ ಖಾಲಿ ಇದೆ, ಇಲ್ಲವೇ ತಂಡ ಒಡೆದು ಜೋಡಿಸುತ್ತಿದ್ದಾರೆ. ಎರಡೂ ಸಂದರ್ಭದಲ್ಲಿ ನೀವು ಯಾರಿಗಾಗಿ ಕೆಲಸ ಮಾಡಲಿದ್ದೀರಿ ಎಂದು ಅವರಿಗೇ ಗೊತ್ತಿಲ್ಲ.

ಹೆಸರು ಸಿಕ್ಕಮೇಲೆ ಆ ಪ್ರೊಫೈಲ್‌ನ ರೆಕಮಂಡೇಶನ್ ಭಾಗಕ್ಕೆ ಹೋಗಿ. ಹೊಗಳಿಕೆಯನ್ನು ಓದುವ ಅಗತ್ಯವಿಲ್ಲ, ಬರೆದವರಿಗೂ ಅವರಿಗೂ ಏನು ಸಂಬಂಧ ಎಂಬ ಸಾಲನ್ನು ಮಾತ್ರ ಓದಿ. ಮೇಲಧಿಕಾರಿಗಳು, ಗ್ರಾಹಕರು ಬರೆದದ್ದೇ ತುಂಬಿದ್ದು, ಕೈಕೆಳಗೆ ದುಡಿದವರದ್ದು ಒಂದೂ ಇಲ್ಲವೆಂದರೆ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯ ಗುರುತು ಅವರೇ ಬೇರೆಯವರಿಗೆ ಬರೆದುಕೊಟ್ಟದ್ದು. ತಮ್ಮ ತಂಡದಿಂದ ಬಿಟ್ಟುಹೋದವರಿಗೂ ಕೂತು ನಾಲ್ಕು ಸಾಲು, ಅದೂ ಅವರ ಕೆಲಸದ ವಿವರ ಹಿಡಿದು ಬರೆದುಕೊಟ್ಟ ಮ್ಯಾನೇಜರ್ ಬಗ್ಗೆ ಅರ್ಧ ನಿಶ್ಚಿಂತೆಯಿಂದಿರಬಹುದು.

ಆಮೇಲೆ ಹಳೆಯ ಉದ್ಯೋಗಿಗಳು. ಜನರನ್ನು ಹುಡುಕುವ ಪುಟದಲ್ಲಿ ‘ಪಾಸ್ಟ್ ಕಂಪನಿ’ ಫಿಲ್ಟರ್‌ಗೆ ಆ ಕಂಪನಿಯ ಹೆಸರು ಕೊಟ್ಟು, ನಿಮಗೆ ಬಂದಿರುವ ಹುದ್ದೆಯ ಹೆಸರನ್ನು ಸೇರಿಸಿ. ಆ ಬಾಸ್ ಅಲ್ಲಿದ್ದ ಅವಧಿಗೆ ಹೊಂದುವ ಐದಾರು ಜನ ಸಿಕ್ಕರೆ, ಒಬ್ಬೊಬ್ಬರೂ ಎಷ್ಟು ತಿಂಗಳು ಇದ್ದರೆಂದು ಕಾಗದದ ಮೇಲೆ ಬರೆದುಕೊಳ್ಳಿ. ನಾಲ್ಕು ವರ್ಷದಲ್ಲಿ ಅದೇ ಕುರ್ಚಿಯಲ್ಲಿ ಮೂರು ಜನ ಕೂತು, ಮೂವರೂ ವರ್ಷ ತುಂಬುವಷ್ಟರಲ್ಲಿ ಎದ್ದಿದ್ದರೆ ನಾಲ್ಕನೆಯವರಾಗುವ ಮೊದಲು ಯೋಚಿಸಿ. ಆದರೆ ಲೆಕ್ಕ ತಪ್ಪುವುದೂ ಇಲ್ಲೇ. ಎಲ್ಲರೂ ಒಂದೇ ತಿಂಗಳಲ್ಲಿ ಹೊರಬಿದ್ದಿದ್ದರೆ ಅದು ಲೇಆಫ್ (ಸಾಮೂಹಿಕ ವಜಾ) ಇರಬಹುದು. ಗುತ್ತಿಗೆ ಹುದ್ದೆಗಳು ಅವಧಿ ಮುಗಿದು ಮುಗಿಯುತ್ತವೆ. ಒಬ್ಬೊಬ್ಬರಾಗಿ, ಬೇರೆ ಬೇರೆ ತಿಂಗಳಲ್ಲಿ, ಹೋಲಿಕೆಯ ಹುದ್ದೆಗೇ ಹೋಗಿದ್ದರೆ ಮಾತ್ರ ಬೆರಳು ಬಾಸ್ ಕಡೆ ತಿರುಗುತ್ತದೆ. ಬಡ್ತಿಗೆಂದು ಹೋದವರು ಬೇರೆ, ಇದ್ದಷ್ಟೇ ಹುದ್ದೆಗೆ ಹೋದವರು ಬೇರೆ.

ಉಚಿತ ಖಾತೆಯಲ್ಲಿ ಹೀಗೆ ಹುಡುಕಲು ತಿಂಗಳ ಮಿತಿ ಇದೆ. ಅದು ಮುಗಿದರೆ ಮುಂದಿನ ತಿಂಗಳ 1ನೇ ತಾರೀಖಿನವರೆಗೆ ಕಾಯಬೇಕು. ಎರಡು ಮೂರು ಕಂಪನಿ ಗಟ್ಟಿಯಾದ ಮೇಲಷ್ಟೇ ಈ ಶೋಧ ಮಾಡಿ. ಹಣ ಕೊಟ್ಟು ಪಡೆಯುವ ಪ್ರೀಮಿಯಂ ಖಾತೆ ಕೊಳ್ಳಬೇಕೇ? ವರ್ಷಕ್ಕೆ ಬೇಡ. ಸಂದರ್ಶನ ನಡೆಯುವ ಒಂದು ತಿಂಗಳಿಗೆ ಸರಿ: ಕಂಪನಿಯಲ್ಲಿ ಜನ ಸಾಮಾನ್ಯವಾಗಿ ಎಷ್ಟು ಕಾಲ ನಿಲ್ಲುತ್ತಾರೆಂಬ ಅಂಕಿ ಕಾಣುತ್ತದೆ, ಪರಿಚಯವಿಲ್ಲದವರಿಗೂ ಇನ್‌ಮೇಲ್ (ಎಣಿಕೆಯಷ್ಟೇ ಸಿಗುವ ನೇರ ಸಂದೇಶ) ಕಳಿಸಬಹುದು. 90 ದಿನದೊಳಗೆ ಅವರು ಉತ್ತರಿಸಿದರೆ ಆ ಇನ್‌ಮೇಲ್ ಲೆಕ್ಕ ನಿಮಗೇ ವಾಪಸ್ ಬರುತ್ತದೆ.

ಬರೆಯುವುದಾದರೆ ಬಿಟ್ಟು ಒಂದರಿಂದ ಮೂರು ವರ್ಷವಾದವರಿಗೆ ಬರೆಯಿರಿ. ಈಗ ಅಲ್ಲೇ ಇರುವವರು ನಿಜ ಹೇಳುವ ಸ್ಥಿತಿಯಲ್ಲಿರುವುದಿಲ್ಲ, ಬಿಟ್ಟು ಬಹಳ ವರ್ಷವಾದವರಿಗೆ ಇಂದಿನ ಪರಿಸ್ಥಿತಿ ಗೊತ್ತಿರುವುದಿಲ್ಲ. ‘ನಮಸ್ಕಾರ. ನೀವು ಹಿಂದೆ ಕೆಲಸ ಮಾಡಿದ್ದ ತಂಡದಲ್ಲಿ ನನಗೊಂದು ಅವಕಾಶ ಬಂದಿದೆ. ಆ ತಂಡದಲ್ಲಿ ಎಂಥವರು ಚೆನ್ನಾಗಿ ಹೊಂದಿಕೊಳ್ಳುತ್ತಾರೆ, ಎಂಥವರಿಗೆ ಕಷ್ಟವಾಗುತ್ತದೆ ಎಂದು ಹತ್ತು ನಿಮಿಷ ಹೇಳಲು ಸಾಧ್ಯವೇ? ಯಾರಿಗೂ ನಿಮ್ಮ ಹೆಸರು ಹೇಳುವುದಿಲ್ಲ.’ ಇಷ್ಟೇ ಸಾಕು. ‘ಅವರು ಕೆಟ್ಟವರಂತೆ, ಹೌದಾ?’ ಎಂದು ಬರೆದರೆ ಯಾರೂ ಉತ್ತರಿಸುವುದಿಲ್ಲ. ‘ಬರೆಯುವುದು ಬೇಡ, ಫೋನ್‌ನಲ್ಲಿ ಮಾತಾಡೋಣ’ ಎಂಬ ಉತ್ತರ ಬಂದರೆ ವಿಷಯ ಅರ್ಧ ಅರ್ಥವಾದಂತೆ.

ಇದೇ ದಾರಿ ಎದುರಿನಿಂದಲೂ ತೆರೆದಿದೆ ಎಂಬುದನ್ನು ಮರೆಯಬಾರದು. ಹೊಸ ಮ್ಯಾನೇಜರ್ ಮತ್ತು ಈಗಿನ ಬಾಸ್ ಪರಸ್ಪರ ಕನೆಕ್ಷನ್ ಆಗಿದ್ದರೆ, ಒಂದು ಫೋನ್ ಕರೆಗೆ ನಿಮ್ಮ ಗುಟ್ಟು ಮುಗಿಯಿತು. ಇಬ್ಬರ ನಡುವೆ ಕೊಂಡಿ ಇದೆಯೇ ಎಂದು ಅರ್ಜಿಗೂ ಮೊದಲು ನೋಡಿ. ಆಫರ್ ಕೈಗೆ ಬರುವವರೆಗೆ ಈಗಿನ ಕಚೇರಿಯವರನ್ನು ಸಂಪರ್ಕಿಸಬಾರದೆಂದು ರಿಕ್ರೂಟರ್‌ಗೆ ಬಾಯಿಮಾತಲ್ಲದೆ ಮೇಲ್‌ನಲ್ಲೂ ತಿಳಿಸಿ. ಪ್ರೊಫೈಲ್‌ಗಳನ್ನು ನೋಡುವಾಗ ನೀವು ನೋಡಿದ್ದು ಅವರಿಗೆ ತಿಳಿಯದಂತೆ ಪ್ರೈವೇಟ್ ಮೋಡ್ ಹಾಕಿಕೊಳ್ಳಿ. ಉಚಿತ ಖಾತೆಯಲ್ಲಿ ಅದನ್ನು ಹಾಕಿದರೆ ನಿಮ್ಮನ್ನು ಯಾರು ನೋಡಿದರೆಂಬ ಪಟ್ಟಿ ನಿಮಗೂ ಕಾಣುವುದಿಲ್ಲ, ಆ ನಷ್ಟವನ್ನು ಸಹಿಸಬೇಕು.

ಗ್ಲಾಸ್‌ಡೋರ್

2008ರಲ್ಲಿ ಬಾಗಿಲು ತೆರೆದ ಈ ತಾಣ 2018ರಿಂದ ಜಪಾನಿನ ರಿಕ್ರೂಟ್ ಹೋಲ್ಡಿಂಗ್ಸ್ ಒಡೆತನದಲ್ಲಿದೆ. ಉದ್ಯೋಗಿಗಳು ಹೆಸರು ಹೇಳದೆ ಕಂಪನಿಗೆ 5ರಲ್ಲಿ ಅಂಕ ಕೊಡುತ್ತಾರೆ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಬರೆಯುತ್ತಾರೆ. ಬಾಸ್ ಹುಡುಕುವವರಿಗೆ ಇದರ ದೊಡ್ಡ ಕೊರತೆ ನಿಯಮದಲ್ಲೇ ಇದೆ: ಕಂಪನಿಯ ಮುಖವಾಗಿರುವ ಅತಿ ಹಿರಿಯ ಅಧಿಕಾರಿಗಳನ್ನು ಬಿಟ್ಟು ಬೇರೆ ಯಾರ ಹೆಸರನ್ನೂ ವಿಮರ್ಶೆಯಲ್ಲಿ ಬರೆಯುವಂತಿಲ್ಲ. ನಿಯಮ ನ್ಯಾಯವಾದದ್ದೇ, ಇಲ್ಲದಿದ್ದರೆ ಅದು ಹಗೆ ತೀರಿಸುವ ಜಾಗವಾಗುತ್ತಿತ್ತು. ಆದರೆ ನಿಮ್ಮ ಮುಂದಿನ ಮ್ಯಾನೇಜರ್ ಅಲ್ಲಿ ಸಿಗುವುದಿಲ್ಲ.

ಹಾಗಾದರೆ ಓದುವುದು ಹೇಗೆ? ಒಟ್ಟು ಅಂಕವನ್ನು ನಂಬಬೇಡಿ. 3.5 ಎಂಬುದು ಎಲ್ಲರೂ ಮೂರು ನಾಲ್ಕು ಕೊಟ್ಟು ಬಂದದ್ದೋ, ಅರ್ಧ ಜನ ಐದು, ಅರ್ಧ ಜನ ಎರಡು ಕೊಟ್ಟು ಬಂದದ್ದೋ ನೋಡಿ. ಎರಡನೆಯದಾದರೆ ತಂಡದಿಂದ ತಂಡಕ್ಕೆ ಅಜಗಜಾಂತರ ಇದೆಯೆಂದು ಅರ್ಥ, ಬಾಸ್ ಯಾರೆಂಬುದರ ಮೇಲೇ ಎಲ್ಲ ನಿಂತಿದೆ. ಹೊಸದು ಮೊದಲು ಬರುವಂತೆ ಜೋಡಿಸಿ, ನಿಮ್ಮ ಊರು ಮತ್ತು ವಿಭಾಗಕ್ಕೆ ಸೋಸಿ, ಉಳಿದ ಹತ್ತು ಹದಿನೈದರಲ್ಲಿ ಕೊರತೆಯ ಭಾಗ ಮಾತ್ರ ಓದಿ. ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆ ಕೈಗಳು ಒಂದೇ ದೂರು ಬರೆದಿದ್ದರೆ ಅದು ನಿಜಕ್ಕೆ ಹತ್ತಿರ. ಒಂದೇ ವಾರದಲ್ಲಿ ಆರು ಐದು-ನಕ್ಷತ್ರಗಳು, ಎಲ್ಲದರಲ್ಲೂ ‘ಕೊರತೆ: ಏನೂ ಇಲ್ಲ’ ಎಂದಿದ್ದರೆ ಎಚ್‌ಆರ್‌ನಿಂದ ಮೇಲ್ ಹೋಗಿದೆ ಎಂದುಕೊಳ್ಳಿ. ಕೆಟ್ಟ ವಿಮರ್ಶೆಗೆ ಕಂಪನಿ ಕೊಟ್ಟ ಉತ್ತರವನ್ನೂ ಓದಿ. ಎಲ್ಲದಕ್ಕೂ ಒಂದೇ ಅಚ್ಚಿನ ಕ್ಷಮಾಪಣೆಯೋ, ದೂರಿನ ವಿವರ ಹಿಡಿದ ಉತ್ತರವೋ ಎಂಬುದರಲ್ಲಿ ಅಲ್ಲಿನ ಗಾಳಿ ಗೊತ್ತಾಗುತ್ತದೆ.

ಹಳೆಯ ಬಾಸ್ ಬಗ್ಗೆ ಅಲ್ಲಿ ಬರೆಯುವ ಆಸೆ ಬಹಳ ಜನರಿಗೆ ಇರುತ್ತದೆ. ಅನಾಮಧೇಯ ಎಂಬುದು ಕಬ್ಬಿಣದ ಬಾಗಿಲಲ್ಲ. 2022ರಲ್ಲಿ ನ್ಯೂಜಿಲೆಂಡ್‌ನ ಆಟಿಕೆ ಕಂಪನಿಯೊಂದರ ಅರ್ಜಿಯ ಮೇಲೆ, ವಿಮರ್ಶೆ ಬರೆದವರ ಗುರುತು ಕೊಡಬೇಕೆಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಗ್ಲಾಸ್‌ಡೋರ್‌ಗೆ ಆದೇಶಿಸಿತ್ತು. ಫಿಶ್‌ಬೌಲ್ ಎಂಬ ಇನ್ನೊಂದು ಆ್ಯಪ್ ಅನ್ನು ಕೊಂಡು ಸೇರಿಸಿಕೊಂಡ ಮೇಲೆ ಬಳಕೆದಾರರ ನಿಜ ಹೆಸರು ಖಾತೆಗೆ ಸೇರಿದ್ದು 2024ರಲ್ಲಿ ಸುದ್ದಿಯಾಯಿತು. ನೋಟಿಸ್ ಅವಧಿಯಲ್ಲಂತೂ ಬರೆಯಲೇಬೇಡಿ.

ಬ್ಲೈಂಡ್

ದಕ್ಷಿಣ ಕೊರಿಯಾದಲ್ಲಿ ಹುಟ್ಟಿದ ಆ್ಯಪ್. ಕಚೇರಿಯ ಇಮೇಲ್‌ನಿಂದ ದೃಢೀಕರಿಸಿಕೊಂಡು, ಹೆಸರಿಲ್ಲದೆ ಮಾತಾಡುವ ಕಟ್ಟೆ. ‘ಆ ತಂಡ ಹೇಗಿದೆ?’ ಎಂದು ಕೇಳಿದರೆ ಮೂರರಲ್ಲಿ ನೇರ ಉತ್ತರ ಸಿಗುವ ಸಾಧ್ಯತೆ ಇಲ್ಲೇ ಹೆಚ್ಚು. ಆದರೆ ದೊಡ್ಡ ತಂತ್ರಜ್ಞಾನ ಕಂಪನಿಗಳಾಚೆ ಜನ ವಿರಳ, ಇರುವವರ ಮಾತೂ ಬಹುಪಾಲು ಸಂಬಳದ ಸುತ್ತಲೇ, ಕಹಿಯೂ ಜಾಸ್ತಿ. ಇನ್ನೊಂದು ತೊಡಕು: ದೃಢೀಕರಣದ ಮೇಲ್ ಬರುವುದು ಕಚೇರಿಯ ಸರ್ವರ್‌ಗೆ. ನೀವು ಏನು ಬರೆದಿರಿ ಎಂಬುದು ಅದರಲ್ಲಿ ಇಲ್ಲದಿದ್ದರೂ, ಖಾತೆ ತೆರೆದಿರಿ ಎಂಬುದು ಮೇಲ್ ನೋಡಿಕೊಳ್ಳುವವರಿಗೆ ತಿಳಿಯಬಹುದು. ಬಾಸ್ ಮತ್ತು ಐಟಿಯವರು ಒಂದೇ ಮೇಜಿನಲ್ಲಿ ಊಟ ಮಾಡುವ ಸಣ್ಣ ಕಚೇರಿಯಾದರೆ ಇದರ ಸಹವಾಸ ಬೇಡ.

ಸಂದರ್ಶನ, ಆಫರ್ ಮತ್ತು ಆಮೇಲೆ

ಈ ತಾಣಗಳಲ್ಲಿ ಸಿಕ್ಕಿದ್ದನ್ನು ಸಂದರ್ಶನದಲ್ಲಿ ಒರೆಗೆ ಹಚ್ಚಬೇಕು. ‘ಈ ಜಾಗ ಖಾಲಿಯಾದದ್ದು ಹೇಗೆ?’ ಎಂದು ಮ್ಯಾನೇಜರ್‌ಗೂ ರಿಕ್ರೂಟರ್‌ಗೂ ಬೇರೆ ಬೇರೆಯಾಗಿ ಕೇಳಿ, ಎರಡು ಉತ್ತರ ತಾಳೆಯಾಗುತ್ತವೆಯೇ ನೋಡಿ. ‘ತಂಡ ನಿಮ್ಮ ತೀರ್ಮಾನವನ್ನು ಒಪ್ಪದಿದ್ದ ಇತ್ತೀಚಿನ ಸಂದರ್ಭ ಯಾವುದು, ಕೊನೆಗೆ ಏನಾಯಿತು?’ ಎಂಬುದಕ್ಕೆ ಉದಾಹರಣೆಯೇ ಸಿಗದಿದ್ದರೆ ಅಲ್ಲಿ ಯಾರೂ ಎದುರಾಡುವುದಿಲ್ಲ ಎಂದು ಲೆಕ್ಕ. ಗೂಗಲ್ 2008ರಲ್ಲಿ ಶುರುಮಾಡಿದ ಪ್ರಾಜೆಕ್ಟ್ ಆಕ್ಸಿಜನ್ ಎಂಬ ಅಧ್ಯಯನದಲ್ಲಿ ಒಳ್ಳೆಯ ಮ್ಯಾನೇಜರ್‌ಗಳ ಗುಣಗಳ ಪಟ್ಟಿಯ ಮೊದಲೆರಡು ಸ್ಥಾನ ಸಿಕ್ಕಿದ್ದು ಚೆನ್ನಾಗಿ ಕಲಿಸುವುದಕ್ಕೆ ಮತ್ತು ಪ್ರತಿ ಹೆಜ್ಜೆಗೂ ಮೂಗು ತೂರಿಸದೆ ಕೆಲಸ ಒಪ್ಪಿಸುವುದಕ್ಕೆ. ಪ್ರಶ್ನೆಗಳನ್ನು ಈ ಎರಡರ ಸುತ್ತ ಕಟ್ಟಿಕೊಂಡರೆ ಸಾಕು. ಆಫರ್ ಬಂದ ಮೇಲೆ, ಸಹಿಗೆ ಮೊದಲು, ತಂಡದ ಒಬ್ಬರ ಜೊತೆ ಮ್ಯಾನೇಜರ್ ಇಲ್ಲದೆ ಇಪ್ಪತ್ತು ನಿಮಿಷ ಮಾತಾಡಲು ಕೇಳಿ. ಮಾಮೂಲಿ ಕೋರಿಕೆಯಿದು. ಕಾರಣವಿಲ್ಲದೆ ನಿರಾಕರಿಸಿದರೆ ಬಾಣಲೆಯಿಂದ ಬೆಂಕಿಗೆ ಬೀಳುವ ಮುನ್ಸೂಚನೆ.

ಸಹಿಯಾದ ದಿನವೇ ‘ಓಪನ್ ಟು ವರ್ಕ್’ ಆಫ್ ಮಾಡಿ. ಹೊಸ ಕಂಪನಿಯ ಹೆಸರನ್ನು ಪ್ರೊಫೈಲ್‌ಗೆ ಸೇರಿಸುವುದು ಅಲ್ಲಿ ಕಾಲಿಟ್ಟ ಮೇಲೆ. ಗ್ಲಾಸ್‌ಡೋರ್‌ನಲ್ಲಿ ಬರೆಯಲೇಬೇಕೆನಿಸಿದರೆ ಕೆಲವು ತಿಂಗಳು ಬಿಟ್ಟು ಬರೆಯಿರಿ. ಪ್ರಾಜೆಕ್ಟ್ ಹೆಸರು, ಸೇರಿದ ವರ್ಷ, ನಿರ್ದಿಷ್ಟ ಹುದ್ದೆ, ನೀವು ಮಾತಿಗೊಮ್ಮೆ ಬಳಸುವ ನುಡಿಗಟ್ಟು ಇವೆಲ್ಲ ತೆಗೆಯಿರಿ. ಐದು ಜನರ ತಂಡದಲ್ಲಿ ಬರೆದವರು ಯಾರೆಂದು ಪತ್ತೆಮಾಡಲು ಹಳೆಯ ಬಾಸ್‌ಗೆ ನ್ಯಾಯಾಲಯದ ಆದೇಶವೇನೂ ಬೇಕಾಗಿಲ್ಲ.